ಅಡೆನಾಯ್ಡ್ ಆಪರೇಷನ್: ನೆಗಡಿ ಎಣಿಸಬೇಡಿ, ನಿದ್ದೆ ಗಮನಿಸಿ

ನಿಮ್ಮ ಮಗು ರಾತ್ರಿ ಬಾಯಿ ತೆರೆದುಕೊಂಡೇ ಮಲಗುತ್ತದೆಯೇ? ದೊಡ್ಡವರ ಹಾಗೆ ಗೊರಕೆ ಹೊಡೆಯುತ್ತದೆಯೇ? ಗೊರಕೆಯ ನಡುವೆ ಉಸಿರು ಕೆಲ ಕ್ಷಣ ನಿಂತು, ಆಮೇಲೆ ಬೆಚ್ಚಿದಂತೆ ಹೊರಳಿ ಮತ್ತೆ ಉಸಿರೆಳೆಯುತ್ತದೆಯೇ? ಹೌದಾದರೆ ‘ಪಾಪ, ಆಡಿ ದಣಿದಿದೆ, ಗಾಢ ನಿದ್ದೆ’ ಎಂದು ಸುಮ್ಮನಾಗಬೇಡಿ.

ಹೆಬ್ಬಾಳ, ಯಲಹಂಕ, ಆರ್.ಟಿ. ನಗರ, ಯಶವಂತಪುರದ ಕಡೆ ಮಕ್ಕಳ ಮೂಗು ಕಟ್ಟಿದರೆ ತಾಯಂದಿರು ಮೊದಲು ದೂರುವುದು ಹವೆಯನ್ನು. ದೂರುವುದರಲ್ಲಿ ತಪ್ಪೇನೂ ಇಲ್ಲ. ವಿಮಾನ ನಿಲ್ದಾಣದ ರಸ್ತೆಯ ಹೊಗೆ, ಕಟ್ಟಡ ಕಾಮಗಾರಿಯ ಧೂಳು, ಖಾಲಿ ಸೈಟುಗಳಲ್ಲಿ ಬೆಳೆದು ನಿಂತ ಕಾಂಗ್ರೆಸ್ ಗಿಡದ ಪರಾಗ, ಡಿಸೆಂಬರ್-ಜನವರಿಯ ಚಳಿ ಎಲ್ಲವೂ ಮೂಗಿಗೆ ತೊಂದರೆ ಕೊಡುವಂಥವೇ. ಆದರೆ ಮೂಗು ಸೋರುವುದು ಬೇರೆ, ಮೂಗಿನ ದಾರಿ ಹಿಂದಿನಿಂದಲೇ ಮುಚ್ಚಿಕೊಂಡಿರುವುದು ಬೇರೆ.

ಮೂಗಿನ ಹಿಂಭಾಗದಲ್ಲಿ, ಕಿರುನಾಲಿಗೆಯ ಮೇಲ್ಗಡೆ, ಬಾಯಿ ತೆರೆದರೂ ಕಾಣದ ಜಾಗದಲ್ಲಿ ಇರುವ ಮೃದುವಾದ ಅಂಗಾಂಶವೇ ಅಡೆನಾಯ್ಡ್. ಟಾನ್ಸಿಲ್‌ನ ಜಾತಿಗೇ ಸೇರಿದ್ದು. ಸುಮಾರು 3ರಿಂದ 7 ವರ್ಷದವರೆಗೆ ಇದು ದೊಡ್ಡದಾಗಿರುತ್ತದೆ, ಆಮೇಲೆ ತಾನಾಗಿ ಕುಗ್ಗುತ್ತಾ ಹರೆಯದ ಹೊತ್ತಿಗೆ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಮೂಗಿನಿಂದ ಕಿವಿಗೆ ಹೋಗುವ ಸಣ್ಣ ನಾಳದ ಬಾಯಿ ಇದರ ಪಕ್ಕದಲ್ಲೇ ಇದೆ. ಕೋಪನ್‌ಹೇಗನ್ನಿನ ವೈದ್ಯ ವಿಲ್ಹೆಲ್ಮ್ ಮೇಯರ್ 1868ರಲ್ಲಿ ಈ ಬೆಳವಣಿಗೆಯನ್ನು ವಿವರಿಸಿದಾಗ, ಕಿವಿ ಮಂದವಾಗುವುದಕ್ಕೂ ಇದಕ್ಕೂ ಇರುವ ನಂಟನ್ನು ತೋರಿಸಿಕೊಟ್ಟ.

ತಾನಾಗಿ ಕುಗ್ಗುವುದನ್ನು ಕತ್ತರಿಸುವುದೇಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನನ್ನ ಅಭಿಪ್ರಾಯದಲ್ಲಿ, ಪದೇ ಪದೇ ನೆಗಡಿ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಈ ಆಪರೇಷನ್ ಬೇಡ. ಶಾಲೆಗೆ ಹೋಗುವ ಪುಟ್ಟ ಮಗುವಿಗೆ ವರ್ಷಕ್ಕೆ ಆರೆಂಟು ಬಾರಿ ನೆಗಡಿ ಬರುವುದು ಸಹಜ. ನೆದರ್‌ಲ್ಯಾಂಡ್ಸ್‌ನಲ್ಲಿ ಇಂಥ 111 ಮಕ್ಕಳನ್ನು ಎರಡು ಗುಂಪು ಮಾಡಿ ನೋಡಿದರು. 2011ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅಡೆನಾಯ್ಡ್ ತೆಗೆಸಿಕೊಂಡವರಿಗೂ ಕಾದು ನೋಡಿದವರಿಗೂ ನೆಗಡಿಯ ಲೆಕ್ಕ ಒಂದೇ ಆಗಿತ್ತು.

ಹಾಗಾದರೆ ಯಾರಿಗೆ ಬೇಕು? ನಿದ್ದೆಯಲ್ಲಿ ಉಸಿರು ಕಟ್ಟುವ ಮಗುವಿಗೆ, ಕಿವಿಯೊಳಗೆ ನೀರು ನಿಂತು ತಿಂಗಳುಗಟ್ಟಲೆ ಇಳಿಯದ ಮಗುವಿಗೆ. ಅಮೆರಿಕದಲ್ಲಿ ನಿದ್ದೆಯಲ್ಲಿ ಉಸಿರು ಕಟ್ಟುತ್ತಿದ್ದ 5ರಿಂದ 9 ವರ್ಷದ 464 ಮಕ್ಕಳ ಮೇಲೆ ನಡೆದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅಡೆನಾಯ್ಡ್ ಮತ್ತು ಟಾನ್ಸಿಲ್ ಎರಡನ್ನೂ ತೆಗೆದವರಲ್ಲಿ ನೂರಕ್ಕೆ 79 ಮಕ್ಕಳ ನಿದ್ದೆಯ ಪರೀಕ್ಷೆ ಏಳು ತಿಂಗಳಲ್ಲಿ ಸಹಜಕ್ಕೆ ಬಂದಿತ್ತು. ಕಾದು ನೋಡಿದವರಲ್ಲಿಯೂ 46 ಮಕ್ಕಳದು ಸರಿಹೋಗಿತ್ತು ಎಂಬುದನ್ನೂ ಮರೆಯಬಾರದು. ತೊಂದರೆ ಹಗುರವಾಗಿದ್ದರೆ ಕಾಯಲು ಅವಕಾಶವಿದೆ ಎಂದೇ ಇದರ ಅರ್ಥ.

ಕಿವಿಯ ವಿಷಯದಲ್ಲಿ ಮಾತ್ರ ನಾವು ತೀರಾ ಉದಾಸೀನರು. ಮಗು ಕರೆದರೆ ಓಗೊಡುವುದಿಲ್ಲ, ಟಿ.ವಿ. ಜೋರಾಗಿ ಇಡುತ್ತದೆ, ಕ್ಲಾಸಿನಲ್ಲಿ ಲಕ್ಷ್ಯವಿಲ್ಲ ಎಂದು ಟೀಚರ್ ಡೈರಿಯಲ್ಲಿ ಬರೆದು ಕಳಿಸುತ್ತಾರೆ. ಮನೆಯಲ್ಲಿ ಬೈಗುಳ, ಸಂಜೆ ಟ್ಯೂಷನ್. ಮಗುವಿಗೆ ಪಾಠ ಸರಿಯಾಗಿ ಕೇಳಿಸುತ್ತಲೇ ಇಲ್ಲವಲ್ಲ, ಟ್ಯೂಷನ್ ಏನು ಮಾಡೀತು? ಮೊದಲು ಶ್ರವಣ ಪರೀಕ್ಷೆ ಮಾಡಿಸಿ. ನೋವಿಲ್ಲದ, ಅರ್ಧ ಗಂಟೆಯೊಳಗೆ ಮುಗಿಯುವ ಪರೀಕ್ಷೆ. ಸರ್ಕಾರಿ ಸೌಲಭ್ಯವೇ ಬೇಕೆಂದರೆ ವಿಕ್ಟೋರಿಯಾ ಆಸ್ಪತ್ರೆಯ ಆವರಣದ ಶ್ರೀ ವೆಂಕಟೇಶ್ವರ ಇ.ಎನ್.ಟಿ. ಸಂಸ್ಥೆ ಇದೆ.

ಎಕ್ಸ್-ರೇ ನೋಡಿ ಗಾಬರಿಯಾಗುವವರೂ ಇದ್ದಾರೆ. ಐದು ವರ್ಷದ ಮಗುವಿನ ಎಕ್ಸ್-ರೇಯಲ್ಲಿ ಅಡೆನಾಯ್ಡ್ ದೊಡ್ಡದಾಗಿ ಕಾಣದಿದ್ದರೇ ಆಶ್ಚರ್ಯ! ಚಿತ್ರಕ್ಕಲ್ಲ, ಮಗುವಿನ ತೊಂದರೆಗೆ ಚಿಕಿತ್ಸೆ ಆಗಬೇಕು. ತುರ್ತು ಇಲ್ಲದಿದ್ದರೆ ಮೂಗಿಗೆ ಬಿಡುವ ಸ್ಟೀರಾಯ್ಡ್ ಸ್ಪ್ರೇಯನ್ನು ವೈದ್ಯರ ಸಲಹೆಯಂತೆ ಎರಡು ಮೂರು ತಿಂಗಳು ತಪ್ಪದೆ ಬಳಸಿ ನೋಡಬಹುದು. ಸ್ಟೀರಾಯ್ಡ್ ಎಂಬ ಹೆಸರಿಗೇ ಹೆದರಬೇಕಿಲ್ಲ. ಅದಕ್ಕಿಂತ, ಔಷಧಿ ಅಂಗಡಿಯಿಂದ ತಿಂಗಳಾನುಗಟ್ಟಲೆ ತಂದು ಕೊಡುವ ಮಾಂಟೆಲುಕಾಸ್ಟ್ ಸೇರಿದ ಸಿರಪ್ಪಿನ ಬಗ್ಗೆ ಎಚ್ಚರ ಬೇಕು. ಅದರಿಂದ ಕೆಲವರಲ್ಲಿ ಮನಸ್ಸಿನ ಮೇಲಾಗುವ ದುಷ್ಪರಿಣಾಮಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಹೊರಡಿಸಿತು.

ಆಪರೇಷನ್ ಮಾಡಿಸಲೇಬೇಕು ಎಂದಾದರೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಪೂರ್ಣ ಅರಿವಳಿಕೆ ಕೊಟ್ಟು ಬಾಯಿಯ ಮೂಲಕವೇ ತೆಗೆಯುತ್ತಾರೆ. ಹೊರಗೆ ಗಾಯವಿಲ್ಲ, ಹೊಲಿಗೆ ಇಲ್ಲ. ಮನೆತನದಲ್ಲಿ ಯಾರಿಗಾದರೂ ರಕ್ತ ಬೇಗ ನಿಲ್ಲದ ಸಮಸ್ಯೆ ಇದ್ದರೆ, ಮಗುವಿನ ಕಿರುನಾಲಿಗೆ ಸೀಳಿದಂತಿದ್ದರೆ ಮುಂಚೆಯೇ ಹೇಳಿ. ಉಪವಾಸದ ವಿಷಯದಲ್ಲಿ ಕರುಣೆ ಬೇಡ. ‘ಹಸಿದುಕೊಂಡಿದೆ’ ಎಂದು ಅಜ್ಜಿ ಬೆಳಿಗ್ಗೆ ಗುಟ್ಟಾಗಿ ಕುಡಿಸಿದ ಅರ್ಧ ಲೋಟ ಹಾಲು ಅರಿವಳಿಕೆಯಲ್ಲಿ ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಅಪಾಯ ತಂದೀತು.

ಮನೆಗೆ ಬಂದ ಮೇಲಿನ ದಿನಗಳ ಬಗ್ಗೆ ಪೋಷಕರಿಗೆ ಹೇಳುವವರು ಕಡಿಮೆ. ಮೊದಲ ಒಂದೆರಡು ದಿನ ಸಣ್ಣ ಜ್ವರ, ಕಿವಿನೋವು, ಕತ್ತು ಸ್ವಲ್ಪ ಬಿಗಿ ಇರಬಹುದು. ಒಂದೆರಡು ವಾರ ಬಾಯಿ ವಾಸನೆ ಬರುತ್ತದೆ, ಮಾತು ಮೂಗಿನಿಂದ ಬಂದಂತೆ ಕೇಳುತ್ತದೆ. ಇವಕ್ಕೆ ಹೆದರಬೇಡಿ. ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್ ಕೂಡದು, ಕೊಡೀನ್ ಇರುವ ಕೆಮ್ಮಿನ ಸಿರಪ್ ಖಂಡಿತ ಕೂಡದು. ಗಂಜಿ, ಮೊಸರನ್ನ, ತಣ್ಣಗಿನ ರಾಗಿ ಅಂಬಲಿ, ಇಡ್ಲಿ ಕೊಡಿ. ಐಸ್‌ಕ್ರೀಂ ಕೇಳಿದರೆ ಅದನ್ನೂ ಕೊಡಿ, ತಂಪು ತಿಂದರೆ ಗಾಯ ಕೆಡುವುದಿಲ್ಲ. ಬೀಟ್‌ರೂಟ್, ಕೆಂಪು ಶರಬತ್ತು ಮಾತ್ರ ಬೇಡ, ವಾಂತಿಯಾದರೆ ರಕ್ತವೋ ಬಣ್ಣವೋ ತಿಳಿಯದೆ ಒದ್ದಾಡುತ್ತೀರಿ. ಒಂದು ವಾರ ಜೋರಾಗಿ ಸಿಂಬಳ ತೆಗೆಯುವುದು, ಕುಣಿದಾಡುವುದು, ಮದುವೆ ಛತ್ರದ ಗುಂಪು ಬೇಡ. ಶಾಲೆಗೂ ಅಷ್ಟೇ ರಜೆ. ಟಾನ್ಸಿಲ್ಲನ್ನೂ ತೆಗೆದಿದ್ದರೆ ಎರಡು ವಾರ.

ಬಾಯಿಯಿಂದ ಅಥವಾ ಮೂಗಿನಿಂದ ಹಸಿ ರಕ್ತ ಬಂದರೆ, ಮಗು ನಿದ್ದೆಯಲ್ಲೂ ಪದೇ ಪದೇ ಗುಟುಕು ನುಂಗುತ್ತಿದ್ದರೆ ಬೆಳಗಾಗಲೆಂದು ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ನುಂಗುತ್ತಿರುವುದು ರಕ್ತವಿರಬಹುದು. ಕತ್ತು ಒಂದು ಕಡೆ ವಾಲಿ ತಿರುಗದಿದ್ದರೂ, ನೀರೂ ಕುಡಿಯದಿದ್ದರೂ ತೋರಿಸಲೇಬೇಕು. ಈಗ ಬೆಳಿಗ್ಗೆ ಆಪರೇಷನ್, ಸಂಜೆ ಮನೆಗೆ ಎನ್ನುವ ಪದ್ಧತಿ ಬಂದಿದೆ. ಆಸ್ಪತ್ರೆಯ ಹತ್ತಿರವೇ ಇರುವವರಿಗೆ ಅದು ಸರಿ. ರಾಜಾನುಕುಂಟೆಯಿಂದಲೋ ದೊಡ್ಡಬಳ್ಳಾಪುರದಿಂದಲೋ ನಗರದೊಳಗೆ ಬಂದು ಮಾಡಿಸುವವರು ಒಂದು ರಾತ್ರಿ ಆಸ್ಪತ್ರೆಯಲ್ಲೇ ಉಳಿಯುತ್ತೇವೆಂದು ಕೇಳಿ. ರಕ್ತ ಸೋರುವ ಮಗುವನ್ನು ಮಡಿಲಲ್ಲಿಟ್ಟುಕೊಂಡು ಹೆಬ್ಬಾಳದ ಮೇಲ್ಸೇತುವೆಯಲ್ಲಿ ಸಿಕ್ಕಿಕೊಳ್ಳುವ ಪಾಡು ಯಾರಿಗೂ ಬೇಡ.

ಗಾಯ ಮಾಗಿದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಕಿವಿಗಾಗಿ ಆಪರೇಷನ್ ಆಗಿದ್ದರೆ ಎರಡು ಮೂರು ತಿಂಗಳಲ್ಲಿ ಶ್ರವಣ ಪರೀಕ್ಷೆ ಮತ್ತೊಮ್ಮೆ ಮಾಡಿಸಿ. ಗೊರಕೆಗಾಗಿ ಆಗಿದ್ದರೆ ಮಗು ಮಲಗಿದಾಗ ಪಕ್ಕದಲ್ಲಿ ಕೂತು ಉಸಿರಾಟವನ್ನು ಕೇಳಿ. ಇನ್ನೂ ಗೊರಕೆ ಉಳಿದಿದ್ದರೆ ಮೊಬೈಲ್‌ನಲ್ಲಿ ಒಂದೆರಡು ನಿಮಿಷ ಚಿತ್ರಿಸಿಕೊಂಡು ಹೋಗಿ ವೈದ್ಯರಿಗೆ ತೋರಿಸಿ.