ಸುತ್ತಿಗೆ ಕೆಳಗಿಡಿ, ಪುಲ್ಲರ್ ತನ್ನಿ

ಏನಾದ್ರೂ ಬಿಗಿಯಾಗಿ ಕೂತಿದ್ರೆ ನಮ್ಮ ಹುಡುಗರ ಬಾಯಲ್ಲಿ ಬರೋದು ಒಂದೇ ಮಾತು: "ಇನ್ನೊಂದ್ ಏಟು ಕೊಡು ಮಚ್ಚಾ, ಬರುತ್ತೆ." ಹಳೆ ಕಾರಿನ ಸ್ಟೀರಿಂಗ್ ವೀಲ್ ಬಿಚ್ಚೋವಾಗ ಈ ಮಾತು ಬರೀ ತಪ್ಪಲ್ಲ, ಅಪಾಯ. ನನ್ನ ವಾದ ಇಷ್ಟೇ: ಪುಲ್ಲರ್ ಇಲ್ಲದ ವರ್ಕ್‌ಶಾಪಿನಲ್ಲಿ ಸ್ಟೀರಿಂಗ್ ವೀಲ್‌ಗೆ ಕೈ ಹಾಕಬಾರದು.

ಮೊದಲು, ಅದು ಯಾಕೆ ಅಷ್ಟು ಹಟ ಮಾಡುತ್ತೆ ನೋಡೋಣ. ವೀಲ್‌ನ ಹಬ್ ಕೂರೋದು ಶಾಫ್ಟಿನ ಸ್ಪ್ಲೈನ್ ಮೇಲೆ, ಅಂದ್ರೆ ಉದ್ದಕ್ಕೆ ಕೊರೆದ ಸಣ್ಣ ಹಲ್ಲುಗಳ ಮೇಲೆ. ಎಷ್ಟೋ ಕಾರುಗಳಲ್ಲಿ ಶಾಫ್ಟಿನ ಆ ಭಾಗ ತುದಿಗೆ ಹೋಗ್ತಾ ಸಣ್ಣ ಆಗುತ್ತೆ. ನಟ್ ಬಿಗಿ ಮಾಡಿದಷ್ಟೂ ಹಬ್ ಬೆಣೆ ಥರ ಕಚ್ಕೊಳ್ಳುತ್ತೆ. ಅದರ ಮೇಲೆ ವರ್ಷಗಟ್ಟಲೆ ಹಿಡಿದ ತುಕ್ಕು. ನಟ್ ತೆಗೆದ ಮೇಲೂ ವೀಲ್ ಅಲ್ಲಾಡದೇ ಇರೋದು ಡಿಸೈನಿನ ದೋಷ ಅಲ್ಲ. ಓಡ್ತಿರೋ ಗಾಡೀಲಿ ಅದು ಕೈಗೆ ಕಿತ್ಕೊಂಡು ಬರಬಾರದು ತಾನೇ?

ಈಗ ಸುತ್ತಿಗೆ ವಿಷಯ. ಶಾಫ್ಟಿನ ತುದಿಗೆ ಹೊಡೆದ್ರೆ ಥ್ರೆಡ್ ಹಾಳು, ಆಮೇಲೆ ನಟ್ ಕೂರಲ್ಲ. ಅದಾದ್ರೂ ಕಣ್ಣಿಗೆ ಕಾಣೋ ನಷ್ಟ. ಕಾಣದೇ ಇರೋದು ಇನ್ನೂ ದೊಡ್ಡದು. ಅಮೆರಿಕದಲ್ಲಿ ಜನರಲ್ ಮೋಟಾರ್ಸ್ 1967ರ ಮಾಡೆಲ್‌ಗಳಲ್ಲಿ ಕುಗ್ಗುವ ಸ್ಟೀರಿಂಗ್ ಕಾಲಮ್ ತಂತು. ಡಿಕ್ಕಿ ಆದಾಗ ಕಾಲಮ್ ಚಾಲಕನ ಎದೆಗೆ ಚುಚ್ಚದೆ ತಾನೇ ಕುಗ್ಗಲಿ ಅಂತ. ಇವತ್ತಿನ ಕಾರುಗಳಲ್ಲೂ ಇಂಥ ವ್ಯವಸ್ಥೆ ಇರುತ್ತೆ. ಕೆಲವದರಲ್ಲಿ ಅದನ್ನು ಹಿಡಿದಿಡೋದು ಸಣ್ಣ ಪ್ಲಾಸ್ಟಿಕ್ ಪಿನ್‌ಗಳು. ನಾವು ಕೊಡೋ ಏಟಿಗೆ ಅವು ಮುರಿದ್ರೆ ಹೊರಗಿಂದ ಗೊತ್ತೇ ಆಗಲ್ಲ. ನಾಳೆ ಆ ಗಾಡಿ ಓಡಿಸೋರು ಬೇರೆ ಯಾರೋ.

ಪುಲ್ಲರ್ ಏನು ಮಾಡುತ್ತೆ? ಒಂದು ಅಡ್ಡಪಟ್ಟಿ, ಎರಡು ಪಕ್ಕದ ಬೋಲ್ಟು, ನಡುವೆ ಒಂದು ಸ್ಕ್ರೂ. ಪಕ್ಕದ ಬೋಲ್ಟುಗಳು ಹಬ್‌ನಲ್ಲೇ ಇರೋ ಥ್ರೆಡ್ ತೂತಿಗೆ ಹೋಗ್ತವೆ, ನಡುವಿನ ಸ್ಕ್ರೂ ಶಾಫ್ಟನ್ನು ಒತ್ತುತ್ತೆ. ಫ್ರೀ ಬಾಡಿ ಡಯಾಗ್ರಾಂ ಬರೆದು ನೋಡಿ: ಎಳೆತ, ಒತ್ತಡ ಎರಡೂ ಅಲ್ಲಲ್ಲೇ ಮುಗಿಯುತ್ತೆ, ಕೆಳಗಿನ ಕಾಲಮ್‌ಗೆ ಏನೂ ತಗಲಲ್ಲ. 12 ಮಿ.ಮೀ. ಸ್ಕ್ರೂಗೆ 20 ಸೆಂ.ಮೀ. ಸ್ಪ್ಯಾನರ್ ಹಾಕಿ 20 ಕೆ.ಜಿ. ಬಲ ಕೊಟ್ರೆ, ಘರ್ಷಣೆ ತಿಂದದ್ದು ಬಿಟ್ಟೂ ಸುಮಾರು ಒಂದೂವರೆ ಟನ್ ಎಳೆತ ಸಿಗುತ್ತೆ. ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ?

ಹಾಗಂತ ಯಾವ್ದೋ ಒಂದು ಪುಲ್ಲರ್ ಸಾಲದು. ಬೇರಿಂಗ್ ತೆಗೆಯೋ ಕೊಕ್ಕೆಯ ಪುಲ್ಲರನ್ನು ವೀಲ್‌ನ ಕಡ್ಡಿಗೆ ಸಿಕ್ಕಿಸಿದ್ರೆ ಕಡ್ಡಿ ಬಾಗುತ್ತೆ. ತೂತಿನ ಥ್ರೆಡ್‌ಗೆ ಸರಿಹೊಂದೋ ಬೋಲ್ಟೇ ಬೇಕು, ಅದೂ ಹಿಂದಿನ ವೈರಿಂಗಿಗೆ ತಾಗದಷ್ಟು ಉದ್ದ. ಶಾಫ್ಟಿಗೂ ಹಬ್‌ಗೂ ಗುರುತು ಹಾಕ್ಕೊಳ್ಳಿ. ನಟ್ ಪೂರ್ತಿ ತೆಗೀಬೇಡಿ, ಕೆಲವು ಸುತ್ತು ಬಿಟ್ಟಿರಿ. ಇಲ್ಲಾಂದ್ರೆ ವೀಲ್ ಟಪ್ ಅಂತ ಬಿಟ್ಟು ನೇರ ಮುಖಕ್ಕೆ. ಬರಲಿಲ್ವಾ? ತುಕ್ಕು ಬಿಡಿಸೋ ಎಣ್ಣೆ ಹಾಕಿ, ಕಾಯಿರಿ. ಏರ್‌ಬ್ಯಾಗ್ ಇರೋ ಕಾರಾದ್ರೆ ನಾವು ಮುಟ್ಟೋದೇ ಬೇಡ, ತರಬೇತಿ ಇರೋರಿಗೆ ಬಿಡಿ. ನಮ್ಮ ದೇಶದಲ್ಲಿ 2019ರ ಜುಲೈಯಿಂದ ಹೊಸ ಕಾರುಗಳಿಗೆ ಚಾಲಕನ ಏರ್‌ಬ್ಯಾಗ್ ಕಡ್ಡಾಯ.

"ಗ್ಯಾರೇಜಲ್ಲಿ ಸುತ್ತಿಗೇಲೇ ತೆಗೀತಾರಲ್ಲ" ಅಂತ ಕೇಳ್ತೀರಿ. ತೆಗೀತಾರೆ, ನಿಜ. ಆದ್ರೆ ಅದು ವರ್ಷಗಳ ಕೈ ಅಭ್ಯಾಸ. ಎಲ್ಲಿ, ಎಷ್ಟು ಹೊಡೀಬೇಕು ಅಂತ ಅವರಿಗೆ ಗೊತ್ತು. ಹಾಗಿದ್ರೂ ಒಳ್ಳೆ ಮೆಕ್ಯಾನಿಕ್ ಹತ್ರ ಪುಲ್ಲರ್ ಇದ್ದೇ ಇರುತ್ತೆ. ನಾವು ಅವರಿಂದ ಕಲಿತಿರೋದು ಏಟು ಮಾತ್ರ, ಆ ಲೆಕ್ಕ ಅಲ್ಲ.

ಪವರ್ ಸ್ಕ್ರೂ ಫಾರ್ಮುಲಾ ಎಕ್ಸಾಮಿಗೆ ಬರೀತೀವಿ. ಅದೇ ಸ್ಕ್ರೂ ವರ್ಕ್‌ಶಾಪ್ ಗೋಡೆ ಮೇಲೆ ಯಾಕಿಲ್ಲ ಅಂತ ಯಾರೂ ಕೇಳಲ್ಲ. ಈ ಸಲ ಕ್ಲಬ್ ಟೀ ಶರ್ಟಿಗೆ ದುಡ್ಡು ಸೇರಿಸೋಕೆ ಮುಂಚೆ ಒಂದು ಪುಲ್ಲರ್ ಸೆಟ್ ತರೋಣ. ಟೀ ಶರ್ಟಿಗಿಂತ ಕಮ್ಮಿ ದುಡ್ಡಾಗುತ್ತೆ, ಜೂನಿಯರ್‌ಗಳಿಗೂ ಉಳಿಯುತ್ತೆ.