ಹೆಣ್ಣುಮಕ್ಕಳ ಕೈಗೆ ಕರಣೆ

ಊರಿನಲ್ಲಿ ಎಲ್ಲಿ ಹೊಸ ಕಟ್ಟಡವೇಳುತ್ತಿದ್ದರೂ ಅಲ್ಲಿ ಹೆಂಗಸರಿರುವುದನ್ನು ವಾಚಕರು ಕಂಡೇ ಇದ್ದಾರೆ. ಮರಳು ಜಾಲಿಸುವವರು, ನೀರು ತರುವವರು, ಗಾರೆಯ ಬಾಣಲೆಯನ್ನು ತಲೆಯ ಮೇಲೆ ಹೊತ್ತು ಏಣಿ ಹತ್ತುವವರು ಅವರೇ. ಕರಣೆ ಹಿಡಿದು ಗೋಡೆಯ ಮುಂದೆ ನಿಂತವನು ಮಾತ್ರ ಗಂಡಸು. ಇಪ್ಪತ್ತು ವರ್ಷ ಗಾರೆ ಹೊತ್ತವಳು ಇಪ್ಪತ್ತೊಂದನೆಯ ವರ್ಷವೂ ಗಾರೆಯನ್ನೇ ಹೊರುವಳು. ಅವಳ ಜತೆಗೆ ಕೈಯಾಳಾಗಿ ಬಂದ ಹುಡುಗನು ಅಷ್ಟರೊಳಗೆ ಮೇಸ್ತ್ರಿಯಾಗಿ, ಕೂಲಿಯಲ್ಲಿ ಅವಳನ್ನು ಬಹುದೂರ ಹಿಂದೆ ಬಿಟ್ಟಿರುವನು. ಆದಕಾರಣ, ಹುಡುಗಿಯರಿಗೆ ಗಾರೆಕೆಲಸವೇ ಎಂದು ಹುಬ್ಬೇರಿಸುವವರಿಗೆ ನಮ್ಮ ಉತ್ತರವಿಷ್ಟೆ: ಹೆಣ್ಣು ಆ ಕೆಲಸದೊಳಗೆ ಆಗಲೇ ಇದ್ದಾಳೆ. ಅದರ ಭಾರವು ಅವಳಿಗೆ ಸಿಕ್ಕಿದೆ, ವಿದ್ಯೆಯು ಸಿಕ್ಕಿಲ್ಲ.

ನಮ್ಮಂಥ ಹೆಣ್ಣುಮಕ್ಕಳ ಹೈಸ್ಕೂಲುಗಳಲ್ಲಿ ಹತ್ತನೆಯ ತರಗತಿಯಾದ ಮೇಲೆ ಎಲ್ಲರೂ ಕಾಲೇಜಿನ ಮೆಟ್ಟಿಲು ಹತ್ತುವುದಿಲ್ಲ. ಮನೆಯ ಕಷ್ಟದಿಂದ ಕೂಡಲೇ ಸಂಪಾದನೆಗೆ ತೊಡಗಬೇಕಾದವರು ಪ್ರತಿವರ್ಷವೂ ಇರುವರು. ಅವರಿಗಾಗಿ ನಾವು ಹೊಲಿಗೆ, ಕಸೂತಿಗಳನ್ನು ಕಲಿಸುತ್ತ ಬಂದಿದ್ದೇವೆ. ಅದನ್ನು ನಾವು ಹಳಿಯುವುದಿಲ್ಲ. ಆದರೆ ಸಿದ್ಧ ಉಡುಪಿನ ಈ ಕಾಲದಲ್ಲಿ ಹೊಲಿಗೆಯೊಂದನ್ನೇ ನಂಬಿ ಬದುಕುವುದು ಸುಲಭವಲ್ಲ. ಮನೆ ಕಟ್ಟಿಸುವವರ ಸಂಖ್ಯೆಯಾದರೋ ಕಡಿಮೆಯಾಗಿಲ್ಲ. ಒಂಬತ್ತು, ಹತ್ತನೆಯ ತರಗತಿಗಳಲ್ಲಿ, ಈ ಕಸಬಿಗೆ ಹೋಗಲು ಮನಸ್ಸುಳ್ಳ ಹುಡುಗಿಯರಿಗೆ ಗೋಡೆ ಕಟ್ಟುವುದನ್ನು ಕಲಿಸಬೇಕೆಂಬುದು ನಮ್ಮ ಅಭಿಪ್ರಾಯ. ಪುಸ್ತಕದಿಂದಲ್ಲ, ಕರಿಹಲಗೆಯಿಂದಲೂ ಅಲ್ಲ. ಇಟ್ಟಿಗೆ ಗಾರೆಗಳಿಂದ, ಆವರಣದ ಒಂದು ಮೂಲೆಯಲ್ಲಿ.

ಇದರಿಂದ ಓದು ಹಾಳಾಗುವುದೆಂದು ಯಾರೂ ಹೆದರಬೇಕಾಗಿಲ್ಲ. ಪಾಯದ ಮೂಲೆಯನ್ನು ನೇರ ಮಾಡಬೇಕಾದರೆ ಮೇಸ್ತ್ರಿಯು ದಾರದಲ್ಲಿ ಒಂದು ಕಡೆಗೆ 3 ಅಡಿ, ಇನ್ನೊಂದು ಕಡೆಗೆ 4 ಅಡಿ ಅಳೆದು, ಅವುಗಳ ತುದಿಯಿಂದ ತುದಿಗೆ 5 ಅಡಿ ಬರುವುದೋ ಎಂದು ನೋಡುವನು. ನಮ್ಮ ಮಕ್ಕಳು ಪೈಥಾಗೊರಸನ ಪ್ರಮೇಯವನ್ನು ಬಾಯಿಪಾಠ ಮಾಡಿ ಪರೀಕ್ಷೆಯ ಮರುದಿನ ಮರೆಯುತ್ತಾರೆ. ನೆಲದ ಮೇಲೆ ದಾರ ಹಿಡಿದವಳು ಅದನ್ನು ಮರೆಯಲಾರಳು. ಇಟ್ಟಿಗೆಯ ಲೆಕ್ಕವೂ ಹಾಗೆಯೇ. ಪ್ರಮಾಣಬದ್ಧವಾದ ಇಟ್ಟಿಗೆಯು 19 ಸೆಂಟಿಮೀಟರ್ ಉದ್ದ, 9 ಅಗಲ, 9 ಎತ್ತರ; ಸಂದಿನ ಗಾರೆ 1 ಸೆಂಟಿಮೀಟರ್. ಗಾರೆ ಸೇರಿದರೆ 20, 10, 10. ಹಾಗಾದರೆ ಒಂದು ಘನಮೀಟರ್ ಗೋಡೆಗೆ 500 ಇಟ್ಟಿಗೆ. ಇಷ್ಟು ತಿಳಿದ ಹುಡುಗಿಯನ್ನು ಮುಂದೆ ಯಾವ ಗುತ್ತಿಗೆದಾರನೂ ಲೆಕ್ಕದಲ್ಲಿ ಮೋಸಗೊಳಿಸಲಾರನು.

ಕೈಗೆ ಮಾತ್ರ ತಿಳಿಯುವ ವಿಷಯಗಳು ಬೇರೆ. ಒಣಗಿದ ಇಟ್ಟಿಗೆಯು ಗಾರೆಯ ನೀರನ್ನು ಹೀರಿ ಅದನ್ನು ನಿಸ್ಸತ್ವ ಮಾಡುವುದರಿಂದ ಮೊದಲೇ ನೆನೆಯಿಡಬೇಕು. ಎಷ್ಟು ನೆನೆದರೆ ಸಾಕೆಂಬುದನ್ನು ಅಂಗೈ ಹೇಳಬೇಕು. ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳೆಂದು ಬರೆದುಕೊಳ್ಳುವುದು ಸುಲಭ. ಆ ಗಾರೆಯು ಕರಣೆಯಿಂದ ಜಾರದೆ, ಅಂಟಿಯೂ ಕೊಳ್ಳದೆ ಇರುವ ಹದವನ್ನು ಬರೆದುಕೊಳ್ಳಲಾಗುವುದಿಲ್ಲ. ಕೆಳಗಿನ ವರಸೆಯ ಸಂದಿನ ಮೇಲೆ ಮೇಲಿನ ವರಸೆಯ ಸಂದು ಬೀಳಬಾರದು. ನೂಲುಗುಂಡು ಗೋಡೆಗೆ ತಾಗಲೂ ಬಾರದು, ದೂರ ಸರಿಯಲೂ ಬಾರದು. ಗುಂಡು ಯಾರ ಮುಖವನ್ನೂ ನೋಡುವುದಿಲ್ಲ; ಅಷ್ಟು ನಿಷ್ಪಕ್ಷಪಾತವಾದ ಪರೀಕ್ಷಕರು ನಮ್ಮ ವಿದ್ಯಾ ಇಲಾಖೆಯಲ್ಲಿ ಬಹಳ ಮಂದಿ ಇಲ್ಲ. ಕಟ್ಟಿದ ಮೇಲೆ ಏಳು ದಿನವಾದರೂ ಗೋಡೆಗೆ ನೀರುಣಿಸಬೇಕು. ರವಿವಾರವೆಂದು ಅದನ್ನು ಬಿಡಲಾಗದು.

ಖರ್ಚಿನ ಮಾತು ಬರುವುದು ಸಹಜ. ಕಲಿಯುವವರು ಮೊದಲ ತಿಂಗಳುಗಳಲ್ಲಿ ಸಿಮೆಂಟನ್ನು ಮುಟ್ಟಬೇಕಾಗಿಲ್ಲ. ಕೆಸರುಮಣ್ಣಿನಲ್ಲಿ ಕಟ್ಟಿ, ಗುಂಡು ಹಿಡಿದು ತಪ್ಪು ಕಂಡು, ಕೆಡವಿ, ಇಟ್ಟಿಗೆ ತೊಳೆದು, ಮರಳಿ ಕಟ್ಟಬಹುದು. ಕೆಲವು ನೂರು ಇಟ್ಟಿಗೆಗಳು ಒಂದು ತರಗತಿಗೆ ಬಹುಕಾಲ ಬರುವುವು. ಕರಣೆ, ಗುಂಡು, ರಸಮಟ್ಟ, ಮೂಲೆಮಟ್ಟ, ದಾರ ಇವುಗಳಿಗೆ ಆಗುವ ವೆಚ್ಚವು ವಾರ್ಷಿಕೋತ್ಸವದ ಶಾಮಿಯಾನದ ವೆಚ್ಚಕ್ಕೆ ಮಿಕ್ಕದು.

ಇನ್ನು ತಂದೆತಾಯಿಗಳ ಸಂಕೋಚ. ತಾವು ಕಲ್ಲು ಹೊತ್ತವರು ಮಗಳು ಹೊರದಿರಲೆಂದೇ ಶಾಲೆಗೆ ಕಳುಹಿಸಿರುವರು; ಅಲ್ಲಿಯೂ ಇಟ್ಟಿಗೆಯನ್ನೇ ಕೊಟ್ಟರೆ ಅವರ ಮನಸ್ಸು ನೋಯದಿರುವುದೇ? ಇದನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಈ ಸಂಕೋಚವು ನಮ್ಮ ನಾಡಿನದು ಮಾತ್ರವೂ ಅಲ್ಲ. ಅಮೆರಿಕದ ಅಲಬಾಮದಲ್ಲಿ 1881ರಲ್ಲಿ ಬೂಕರ್ ಟಿ. ವಾಷಿಂಗ್ಟನ್ನನು ಗುಲಾಮತನದಿಂದ ಬಿಡುಗಡೆ ಹೊಂದಿದವರ ಮಕ್ಕಳಿಗಾಗಿ ಟಸ್ಕೀಗೀ ಶಾಲೆಯನ್ನು ನಡೆಸತೊಡಗಿದಾಗ, ವಿದ್ಯಾರ್ಥಿಗಳೇ ಇಟ್ಟಿಗೆ ಸುಟ್ಟು ಕಟ್ಟಡಗಳನ್ನು ಕಟ್ಟಬೇಕೆಂದನು. ಮಕ್ಕಳಿಗೆ ಪುಸ್ತಕವನ್ನೇ ಕಲಿಸಿರೆಂದು ತಂದೆತಾಯಿಗಳು ಪ್ರತಿಭಟಿಸಿದರು. ಮೂರು ಗೂಡುಗಳು ಕೆಟ್ಟುವು. ನಾಲ್ಕನೆಯದಕ್ಕೆ ಆತನು ತನ್ನ ಗಡಿಯಾರವನ್ನು ಒತ್ತೆಯಿಟ್ಟು ಹಣ ತಂದನು, ಅದು ಕೈಗೂಡಿತು. (ಅಲ್ಲಿಯೂ ಬಹುಮಟ್ಟಿಗೆ ಗೋಡೆಯು ಹುಡುಗರ ಪಾಲಿಗೆ, ಒಗೆತ ಹೊಲಿಗೆಗಳು ಹುಡುಗಿಯರ ಪಾಲಿಗೆ ಎಂಬುದನ್ನು ಹೇಳದೆ ಬಿಡಬಾರದು.) ತಂದೆತಾಯಿಗಳು ಬೇಡವೆನ್ನುವುದು ಕೈಯಾಳಿನ ಬಾಳನ್ನು, ನಾವೂ ಅದನ್ನು ಬೇಡವೆನ್ನುತ್ತೇವೆ. ಮೇಸ್ತ್ರಿಯ ವಿದ್ಯೆಯು ಕೈಯಾಳಿನ ಬಾಳಿನಿಂದ ಬಿಡಿಸಿಕೊಳ್ಳುವ ದಾರಿ. ಐ.ಟಿ.ಐ.ಗಳಲ್ಲಿ ಮೇಸನ್ ಕಸಬಿಗೆ ಒಂದು ವರ್ಷದ ಶಿಕ್ಷಣವುಂಟು. ಶಾಲೆಯಲ್ಲಿ ಕೈ ಪಳಗಿದವಳು ಅಲ್ಲಿಗೆ ಅಳುಕಿಲ್ಲದೆ ಹೋಗಬಹುದು.

ಮಿಷನ್ ಶಾಲೆಗೆ ಇದು ಪರಕೀಯವೆಂದು ಯಾರೂ ಹೇಳಲಾರರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು, ಹೊಸದಾಗಿ ಸಭೆಗೆ ಸೇರಿ ಹಳೆಯ ಜೀವನೋಪಾಯವನ್ನು ಕಳೆದುಕೊಂಡವರಿಗಾಗಿ ಅಚ್ಚುಕೂಟ, ನೇಯ್ಗೆಗಳನ್ನು ತೊಡಗಿದರು. 1865ರಲ್ಲಿ ಪ್ಲೆಬ್‌ಸ್ಟ್ ಎಂಬವರು ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಕಸಬನ್ನು ಧರ್ಮಕಾರ್ಯವೆಂದೆಣಿಸಿದ ಪರಂಪರೆಯಿದು. ಸತ್ಯವೇದದಲ್ಲಿ ನೆಹೆಮೀಯನ ಗ್ರಂಥದ ಮೂರನೆಯ ಅಧ್ಯಾಯವನ್ನು ತೆರೆದು ನೋಡಿರಿ. ಯೆರೂಸಲೇಮಿನ ಗೋಡೆಯನ್ನು ಜೀರ್ಣೋದ್ಧಾರ ಮಾಡಿದವರ ಉದ್ದನೆಯ ಪಟ್ಟಿಯಲ್ಲಿ, ಹನ್ನೆರಡನೆಯ ವಚನದಲ್ಲಿ, ಶಲ್ಲೂಮನೆಂಬ ಅಧಿಕಾರಿಯೂ ಅವನ ಕುಮಾರ್ತೆಯರೂ ಇದ್ದಾರೆ. ಪಟ್ಟಿಯನ್ನು ಬೇಗ ಬೇಗ ಓದಿ ಮುಗಿಸುವ ನಮ್ಮ ಪದ್ಧತಿಯಿಂದ ಆ ಹೆಣ್ಣುಮಕ್ಕಳು ಯಾರ ಕಣ್ಣಿಗೂ ಬೀಳುವುದಿಲ್ಲ.

ನಮ್ಮ ದೇಶದಲ್ಲಿಯೇ ಈಚೆಗೆ ನಡೆದ ಸಂಗತಿಯೂ ಉಂಟು. 2014ರಲ್ಲಿ ತೊಡಗಿದ ಸ್ವಚ್ಛ ಭಾರತ ಕಾರ್ಯಕ್ರಮದಲ್ಲಿ ಜಾರ್ಖಂಡದ ಹಳ್ಳಿಯ ಹೆಂಗಸರು ಗಾರೆಕೆಲಸ ಕಲಿತು ಶೌಚಾಲಯಗಳನ್ನು ಕಟ್ಟಿದರು. ರಾಜಮಿಸ್ತ್ರಿ ಎಂಬ ಮಾತಿಗೆ ಜೊತೆಯಾಗಿ ಅವರಿಗೆ ರಾಣಿಮಿಸ್ತ್ರಿಯರೆಂಬ ಹೆಸರು ಬಂದಿತು. ಆದರೂ 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಶಾಲಾಮಕ್ಕಳು ಕೈಯಾರೆ ಮಾಡಿ ನೋಡಬೇಕಾದ ಕಸಬುಗಳಿಗೆ ಉದಾಹರಣೆ ಕೊಡುವಾಗ ಬಡಗಿಯ ಕೆಲಸ, ವಿದ್ಯುತ್ತಿನ ಕೆಲಸ, ಲೋಹದ ಕೆಲಸ, ತೋಟಗಾರಿಕೆ, ಕುಂಬಾರಿಕೆಗಳನ್ನು ಹೆಸರಿಸಿದೆ; ಗಾರೆಕೆಲಸವನ್ನು ಹೆಸರಿಸಿಲ್ಲ. ಆ ನೀತಿಯನ್ನು ಬರೆದವರೂ ಗೋಡೆಗಳ ನಡುವೆಯೇ ಕುಳಿತು ಬರೆದಿರಬೇಕು.

ಇದರಲ್ಲಿ ಎಚ್ಚರಿಕೆಗಳೂ ಬೇಕು. ಹಸಿಯ ಸಿಮೆಂಟು ಚರ್ಮವನ್ನು ಸುಡುವುದು, ಸುಣ್ಣವು ಕಣ್ಣಿಗೆ ಬಿದ್ದರೆ ಕೇಡು. ಕೈಚೀಲ, ಕನ್ನಡಕಗಳಿಲ್ಲದೆ ಪಾಠ ತೊಡಗಬಾರದು. ಹದಿನೆಂಟು ತುಂಬದವಳನ್ನು ಸಾರವೆಗೆ ಹತ್ತಿಸಬಾರದು. ಎದೆಮಟ್ಟದ ಗೋಡೆಯೇ ಶಾಲೆಗೆ ಸಾಕು. ಕಲಿಕೆಯ ನೆಪದಲ್ಲಿ ಶಾಲೆಯ ದುರಸ್ತಿಯನ್ನು ಮಕ್ಕಳಿಂದ ಪುಕ್ಕಟೆ ಮಾಡಿಸಿಕೊಳ್ಳುವ ಆಡಳಿತವರ್ಗವನ್ನು ಮೊದಲೇ ತಡೆಯಬೇಕು. ಬಡ ಹುಡುಗಿಯರನ್ನು ಮಾತ್ರ ಆರಿಸಿ ಕಳುಹಿಸುವುದಂತೂ ಕೂಡದು; ವೈದ್ಯರ ಮಗಳೂ ಮನಸ್ಸಿದ್ದರೆ ಬರಲಿ.

ಕಲಿಸುವವರು ಯಾರೆಂಬುದೇ ಕಷ್ಟದ ಪ್ರಶ್ನೆ. ಬಿ.ಎಡ್. ಪಾಸಾದವರಲ್ಲಿ ಗೋಡೆ ಕಟ್ಟಬಲ್ಲವರು ದೊರೆಯುವುದು ದುರ್ಲಭ. ಪಳಗಿದ ಮೇಸ್ತ್ರಿಯನ್ನು, ಸಿಕ್ಕಿದರೆ ಹೆಂಗಸನ್ನೇ, ವಾರಕ್ಕೆರಡು ಅಪರಾಹ್ನ ಕರೆಯಿಸಿ, ದಿನಗೂಲಿಗೆ ಕಡಮೆಯಾಗದಂತೆ ಸಂಬಳ ಕೊಟ್ಟು, ಉಪಾಧ್ಯಾಯರ ಕೋಣೆಯಲ್ಲಿ ಕುರ್ಚಿಯನ್ನೂ ಕೊಡಬೇಕು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಮನೆ ಕಟ್ಟಿಸುತ್ತಿರುವವರು ಅನೇಕರಿದ್ದಾರೆ. ಶಾಲೆಯಲ್ಲಿ ಕಲಿತು ಹದಿನೆಂಟು ದಾಟಿದವಳೊಬ್ಬಳು ಕೆಲಸ ಕೇಳಿಕೊಂಡು ಬಂದಾಗ, ಅಂಗಳದ ಗೋಡೆಯನ್ನಾದರೂ ಮೇಸ್ತ್ರಿಯ ಕೂಲಿಗೇ ಅವಳಿಗೆ ಒಪ್ಪಿಸುವರೋ ಎಂದು ಅವರನ್ನು ನಾವು ಈ ಸಂಚಿಕೆಯ ಮೂಲಕ ಕೇಳುತ್ತೇವೆ.