ಎಲ್ಲ ನೋವೂ ಥಂಡಿಯದಲ್ಲ

ನಮ್ಮ ಕಳಸದ ಕಡೆ ಹೆಂಗಸೊಬ್ಬಳು ಕೈಕಾಲು ನೋವು ಎಂದರೆ ಉತ್ತರ ಸಿದ್ಧವಾಗಿಯೇ ಇರುತ್ತದೆ: ‘ಥಂಡಿ ಸೀಮೆ ಮಾರಾಯ್ತಿ, ಇದ್ದದ್ದೇ.’ ಮಳೆಗಾಲ ಪೂರ್ತಿ ಬಟ್ಟೆ ಒಣಗದ ಊರಿದು. ಹಾಗಾಗಿ ಈ ಉತ್ತರವನ್ನು ಯಾರೂ ಪ್ರಶ್ನಿಸುವುದಿಲ್ಲ. ಮಳೆ ನಿಂತ ಮೇಲೂ ನೋವು ನಿಲ್ಲದಿದ್ದರೆ ‘ವಯಸ್ಸಾಯಿತಲ್ಲ’ ಎನ್ನುತ್ತಾರೆ. ವಯಸ್ಸು ಸಾಲದಿದ್ದರೆ ‘ಬಾಣಂತನ ಸರಿಯಾಗಲಿಲ್ಲ’. ಅದೂ ಹೊಂದದಿದ್ದರೆ ಕೊನೆಗೆ ‘ಟೆನ್ಷನ್’ ಇದ್ದೇ ಇದೆ. ಗಂಡಸಿನ ನೋವು ಕಾಯಿಲೆ, ಹೆಂಗಸಿನ ನೋವು ಅವಳ ಸ್ವಭಾವ! ನನ್ನ ತಕರಾರು ಇರುವುದು ಈ ಸಿದ್ಧ ಉತ್ತರಗಳ ಬಗ್ಗೆ.

ಮಲೆನಾಡಿನ ಕೀಲುನೋವೆಲ್ಲ ಥಂಡಿಯದಲ್ಲ ಎಂಬುದಕ್ಕೆ ಮಲೆನಾಡೇ ಸಾಕ್ಷಿ. 1975ರ ಸುಮಾರಿಗೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಜನರ ಸೊಂಟ, ಮಂಡಿಗಳನ್ನು ಹಾಳುಮಾಡುವ ಕಾಯಿಲೆ ಬೆಳಕಿಗೆ ಬಂತು. ತಜ್ಞರು ಬಂದು ನೋಡಿದ ಮೇಲೆ ಅದು ವಂಶಪಾರಂಪರ್ಯವಾಗಿ ಬರುವ ರೋಗವೆಂದು ತಿಳಿಯಿತು. ಹುಡುಕಿದ್ದಕ್ಕೆ ಅದಕ್ಕೊಂದು ಹೆಸರು ಸಿಕ್ಕಿತು. ಥಂಡಿ ಎಂದು ಸುಮ್ಮನಿದ್ದರೆ ಸಿಗುತ್ತಿರಲಿಲ್ಲ.

ನಾನು ಹೇಳಹೊರಟಿರುವುದು ಇನ್ನೊಂದು ಬಗೆಯ ಕಾಯಿಲೆಗಳ ವಿಷಯ. ರೋಗಾಣುಗಳಿಂದ ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ತಿರುಗಿ ದೇಹದ ಮೇಲೆ ಬೀಳುವುದನ್ನು ಆಟೋಇಮ್ಯೂನ್ ಕಾಯಿಲೆ ಎನ್ನುತ್ತಾರೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಕೀಲುಗಳನ್ನು ಹಿಡಿದರೆ ರುಮಟಾಯ್ಡ್ ಸಂಧಿವಾತ. ಚರ್ಮ, ಕೀಲು, ಮೂತ್ರಪಿಂಡಗಳನ್ನೆಲ್ಲ ಸುತ್ತಿಕೊಂಡರೆ ಲೂಪಸ್. ಸ್ನಾಯುಗಳನ್ನು ಹಿಡಿದರೆ ಮಯೋಸೈಟಿಸ್. ನಟಿ ಸಮಂತಾ 2022ರಲ್ಲಿ ತನಗೆ ಬಂದಿದೆಯೆಂದು ಹೇಳಿಕೊಂಡದ್ದು ಈ ಮಯೋಸೈಟಿಸ್. ಸಂಧಿವಾತ ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು. ಲೂಪಸ್ ಬಂದ ಹತ್ತು ಜನರಲ್ಲಿ ಒಂಬತ್ತು ಮಂದಿ ಹೆಂಗಸರೇ. ಹೆಂಗಸರನ್ನು ಹೆಚ್ಚಾಗಿ ಹಿಡಿಯುವ ಕಾಯಿಲೆಗೆ ಹೆಂಗಸರ ಮಾತನ್ನೇ ನಂಬದಿದ್ದರೆ ಪತ್ತೆ ಹೇಗಾದೀತು?

ನನ್ನದೇ ಸಂಗತಿ ಹೇಳುತ್ತೇನೆ. ಬೆಳಿಗ್ಗೆ ಎದ್ದರೆ ಎರಡೂ ಕೈಗಳ ಬೆರಳು ಮಡಚಲು ಬರುತ್ತಿರಲಿಲ್ಲ. ಹಾಲಿನ ಪಾತ್ರೆಯನ್ನು ಎರಡು ಮಣಿಕಟ್ಟುಗಳ ನಡುವೆ ಒತ್ತಿಹಿಡಿದು ಇಳಿಸುತ್ತಿದ್ದೆ. ಶಾಲೆಯ ಗಂಟೆ ಹೊಡೆಯುವ ವೇಳೆಗೆ ಸೀಮೆಸುಣ್ಣ ಹಿಡಿಯುವಷ್ಟು ಸಡಿಲವಾಗುತ್ತಿತ್ತು. ವೈದ್ಯರನ್ನು ಕಾಣಲು ಬಿಡುವು ಸಿಗುತ್ತಿದ್ದುದು ಶಾಲೆ ಬಿಟ್ಟ ಮೇಲೆ, ಸಂಜೆ ಐದಕ್ಕೆ. ಆ ಹೊತ್ತಿಗೆ ಬೆರಳುಗಳು ಮಕ್ಕಳ ಹಾಗೆ ಹೇಳಿದ ಮಾತು ಕೇಳುತ್ತಿದ್ದವು. ‘ಏನೂ ಇಲ್ವಲ್ಲ ಟೀಚರೇ, ಈ ವಯಸ್ಸಿನಲ್ಲಿ ಹೀಗೇ. ಮನಸ್ಸಿಗೆ ಹಚ್ಚಿಕೊಳ್ಬೇಡಿ.’ ಒಬ್ಬರಲ್ಲ, ಎರಡು ವರ್ಷಗಳಲ್ಲಿ ಮೂವರು ಇದೇ ಪಾಠ ಒಪ್ಪಿಸಿದರು. ರಕ್ತದಲ್ಲಿ ಆರ್‌ಎ ಫ್ಯಾಕ್ಟರ್ ಇಲ್ಲವೆಂದು ವರದಿ ಬಂದದ್ದೇ ತಡ, ಕಾಯಿಲೆಯೇ ಇಲ್ಲವೆಂದು ತೀರ್ಪಾಯಿತು.

ಹಾಜರಿ ಪುಸ್ತಕ ಬರೆದು ಪಳಗಿದ ಕೈ ನನ್ನದು. ಒಂದು ನೋಟ್‌ಬುಕ್‌ನಲ್ಲಿ ಗೆರೆ ಎಳೆದು ಆರು ವಾರ ಬರೆದೆ: ಎದ್ದದ್ದು ಎಷ್ಟು ಹೊತ್ತಿಗೆ, ಬೆರಳು ಸಡಿಲವಾದದ್ದು ಎಷ್ಟು ಹೊತ್ತಿಗೆ, ಯಾವ ಗೆಣ್ಣು ಊದಿತ್ತು, ಯಾವ ಮಾತ್ರೆ ನುಂಗಿದೆ. ಅದನ್ನು ಹಿಡಿದುಕೊಂಡು ಕುದುರೆಮುಖದ ದಾರಿಯಾಗಿ ಮಂಗಳೂರಿಗೆ ಹೋಗಿ ಕೀಲುರೋಗ ತಜ್ಞರನ್ನು ಕಂಡೆ. ಅವರ ಮೊದಲ ಪ್ರಶ್ನೆಯೇ, ‘ಬೆಳಿಗ್ಗೆ ಬಿಗಿತ ಎಷ್ಟು ಹೊತ್ತು ಇರುತ್ತೆ?’ ಪುಸ್ತಕ ತೆರೆದು ಮುಂದಿಟ್ಟೆ. ಒಂದು ಗಂಟೆಗೆ ಕಡಿಮೆಯಿದ್ದ ದಿನ ಅದರಲ್ಲಿರಲಿಲ್ಲ. ಆಂಟಿ ಸಿಸಿಪಿ ಎಂಬ ಇನ್ನೊಂದು ಪರೀಕ್ಷೆ ಮಾಡಿಸಿದರು. ಕಾಯಿಲೆಗೆ ಹೆಸರು ಸಿಕ್ಕಿತು: ರುಮಟಾಯ್ಡ್ ಸಂಧಿವಾತ.

ಇಲ್ಲಿ ತಿಳಿಯಬೇಕಾದ ವಿಷಯಗಳಿವೆ. ವಯಸ್ಸಿನ ಸವೆತದ ನೋವು ಕೆಲಸ ಮಾಡಿದಷ್ಟೂ ಹೆಚ್ಚಿ, ಕೂತರೆ ಇಳಿಯುತ್ತದೆ. ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ಸಂಧಿವಾತದ ಬಿಗಿತ ಬಹುಹೊತ್ತು ಇದ್ದು, ಕೈಯಾಡಿಸಿದಂತೆ ಸಡಿಲವಾಗುತ್ತದೆ. ಹೆಚ್ಚಾಗಿ ಎರಡೂ ಕೈಗಳ ಸಣ್ಣ ಗೆಣ್ಣುಗಳನ್ನು ಹಿಡಿಯುತ್ತದೆ. ಈ ಕಾಯಿಲೆಯವರಲ್ಲಿ ಐವರಲ್ಲಿ ಒಬ್ಬರಿಗಾದರೂ ಆರ್‌ಎ ಫ್ಯಾಕ್ಟರ್ ಇರುವುದಿಲ್ಲ. ಮೂಳೆಯ ಸವೆತ ಮೊದಲ ಒಂದೆರಡು ವರ್ಷಗಳಲ್ಲೇ ಶುರುವಾಗಬಹುದು. ಮೊದಲ ತಿಂಗಳುಗಳಲ್ಲೇ ಔಷಧ ಬಿದ್ದರೆ ತಡೆಯುವ ಸಾಧ್ಯತೆ ಹೆಚ್ಚು. ಒಮ್ಮೆ ಸೊಟ್ಟಗಾದ ಬೆರಳನ್ನು ಯಾವ ಮಾತ್ರೆಯೂ ನೆಟ್ಟಗೆ ಮಾಡದು. ಆದ್ದರಿಂದ ‘ನೋಡೋಣ, ತಾನಾಗಿಯೇ ಹೋದೀತು’ ಎಂಬ ಮಾತಿಗೆ ಬೆಲೆ ತೆರುವುದು ನಮ್ಮ ಬೆರಳುಗಳು.

‘ಡಾಕ್ಟರಿಗೇ ಎದುರು ಮಾತೇ?’ ಎನ್ನುವವರಿದ್ದಾರೆ. ಪ್ರಶ್ನೆ ಕೇಳುವ ಮಕ್ಕಳಿಂದ ನನಗೆ ಎಂದೂ ಅವಮಾನವಾಗಿಲ್ಲ. ಪ್ರಶ್ನೆ ಕೇಳದ ತರಗತಿಯೇ ನನಗೆ ಭಯ. ‘ಇದು ಸಂಧಿವಾತ ಅಲ್ಲ ಅಂತ ಯಾವುದರಿಂದ ತಿಳೀತು ಡಾಕ್ಟ್ರೇ?’ ಎಂದು ಕೇಳುವುದು ಎದುರು ಮಾತಲ್ಲ. ಸರದಿಯಲ್ಲಿ ನೂರು ಜನ ಕಾದಿರುವಾಗ ವೈದ್ಯರಿಗೆ ಪುರುಸೊತ್ತಿಲ್ಲವೆಂಬುದೂ ನಿಜವೇ. ಹಾಗಿರುವುದರಿಂದಲೇ ಬರೆದುಕೊಂಡು ಹೋಗಬೇಕು. ಹತ್ತು ನಿಮಿಷ ಅತ್ತು ಹೇಳುವುದನ್ನು ಒಂದು ಪುಟದ ಲೆಕ್ಕ ಅರ್ಧ ನಿಮಿಷದಲ್ಲಿ ಹೇಳುತ್ತದೆ.

ಇದು ಬೇಡಿ ಪಡೆಯುವ ಉಪಕಾರವೂ ಅಲ್ಲ. ಒಳರೋಗಿಯಾಗಿದ್ದವರು ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯರ ನಡವಳಿಕೆಯ ನಿಯಮಗಳೇ ಹೇಳುತ್ತವೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿ 2018ರಲ್ಲಿ ಹೊರಬಂದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವ ಹಕ್ಕೂ ಸೇರಿದೆ.

ಆದರೆ ಒಂದು ಎಚ್ಚರ. ವೈದ್ಯರ ಮೇಲಿನ ಮುನಿಸಿನಲ್ಲಿ ಹೆಸರಿಲ್ಲದ ಪುಡಿ, ಗುಳಿಗೆಗಳ ಹಿಂದೆ ಬೀಳಬಾರದು. ಅದರಲ್ಲಿ ಸ್ಟೆರಾಯ್ಡ್ ಬೆರೆತಿದ್ದರೆ ಊತ ಮಂಗಮಾಯವಾಗುತ್ತದೆ. ಜೊತೆಗೆ ಪತ್ತೆ ಹಚ್ಚುವ ಗುರುತೂ ಹೋಗುತ್ತದೆ, ಒಳಗಿನ ಹಾನಿ ಸಾಗಿಯೇ ಇರುತ್ತದೆ. ಹಟ ಹಿಡಿಯಬೇಕಾದ್ದು ಸರಿಯಾದ ವೈದ್ಯರನ್ನು ತಲುಪುವುದಕ್ಕೆ.

ಇಷ್ಟೆಲ್ಲ ನನಗೆ ಸಾಧ್ಯವಾದದ್ದು ನಾನು ಓದಿದವಳಾದ್ದರಿಂದ, ರಜೆ ಹಾಕಿದರೂ ಸಂಬಳ ಬರುವುದರಿಂದ. ನನ್ನ ತರಗತಿಯ ಹುಡುಗಿಯೊಬ್ಬಳ ತಾಯಿ ಎಸ್ಟೇಟಿನ ಲೈನ್ ಮನೆಯಲ್ಲಿದ್ದಾಳೆ. ಕಾಫಿ ಹಣ್ಣು ಕುಯ್ಯುವ ಅವಳ ಬೆರಳುಗಳೂ ಬೆಳಿಗ್ಗೆ ಮಡಚುವುದಿಲ್ಲ. ‘ಒಂದು ದಿನ ಮಂಗಳೂರಿಗೆ ಹೋದ್ರೆ ಎರಡು ದಿನದ ಕೂಲಿ ಹೋಗ್ತದೆ ಟೀಚರಮ್ಮ’ ಎನ್ನುತ್ತಾಳೆ. ಅವಳಿಗೆ ‘ಧೈರ್ಯವಾಗಿ ಕೇಳು’ ಎಂದು ಉಪದೇಶಿಸುವುದಷ್ಟೇ ನಮ್ಮ ಕೆಲಸವಾದರೆ ಅದಕ್ಕಿಂತ ನಾಚಿಕೆಗೇಡು ಇಲ್ಲ. ಅವಳ ದಿನಚರಿಯನ್ನು ಅವಳ ಮಗಳೇ ಬರೆಯಬಲ್ಲಳು; ಈಗ ಬರೆಯುತ್ತಿದ್ದಾಳೆ ಕೂಡ. ಆಸ್ಪತ್ರೆಗೆ ಹೋಗುವ ದಿನದ ಕೂಲಿಯನ್ನು ತೋಟದವರು ಬಿಟ್ಟುಕೊಡಲಿ. ಕಳಸ ತಾಲ್ಲೂಕಾಯಿತೆಂದು ನಾವೆಲ್ಲ ಸಂತೋಷಪಟ್ಟೆವು. ಬೋರ್ಡು ಬದಲಾದರೆ ಸಾಲದು, ತಿಂಗಳಿಗೊಮ್ಮೆಯಾದರೂ ಕೀಲುರೋಗ ತಜ್ಞರು ಇಲ್ಲಿಗೆ ಬರುವಂತಾಗಲಿ.

ಅಲ್ಲಿಯವರೆಗೆ, ತಾಯಂದಿರೇ, ಅಕ್ಕತಂಗಿಯರೇ, ಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಪುಸ್ತಕ ಇದ್ದೇ ಇರುತ್ತದೆ. ಅದರ ಹಿಂದಿನ ಪುಟದಲ್ಲಿ ನಿಮ್ಮ ನೋವಿನ ಲೆಕ್ಕವನ್ನೂ ಬರೆದಿಡಿ. ‘ಥಂಡಿ’ ಎಂದವರಿಗೆ ಆ ಪುಟ ತೋರಿಸಿ, ‘ಬೇಸಿಗೆಯಲ್ಲೂ ಯಾಕೆ?’ ಎಂದು ಕೇಳಿ. ಉತ್ತರ ಬರುವವರೆಗೆ ಕುರ್ಚಿ ಬಿಟ್ಟು ಏಳಬೇಡಿ.